ಇನ್ನೊಂದು ಇಲ್ಲ ಅಂತ ಹೇಗೆ ಗೊತ್ತು?

ಐದನೇ ಕ್ಲಾಸಿನ ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಿ: 1, 2, 5 ರೂಪಾಯಿ ನಾಣ್ಯಗಳು ಬೇಕಾದಷ್ಟಿವೆ, 10 ರೂಪಾಯಿಯನ್ನು ಎಷ್ಟು ಬಗೆಯಲ್ಲಿ ಕೊಡಬಹುದು? ಸ್ವಲ್ಪ ಹೊತ್ತು ಬಿಟ್ಟು ನೋಟ್‌ಬುಕ್ಕುಗಳ ಮೇಲೆ ಕಣ್ಣಾಡಿಸಿದರೆ ಹೆಚ್ಚುಕಡಿಮೆ ಎಲ್ಲ ಪುಟಗಳೂ ಒಂದೇ ಥರ ಶುರುವಾಗಿರುತ್ತವೆ. ಮೊದಲು ಎರಡು ಐದು, ಆಮೇಲೆ ಐದು ಎರಡು, ಆಮೇಲೆ ಹತ್ತು ಒಂದು. ಒಂದೇ ಜಾತಿಯ ನಾಣ್ಯ ಇರುವ ಈ ಮೂರು ಬಗೆ ಎಲ್ಲರಿಗೂ ತಟ್ಟನೆ ಹೊಳೆಯುತ್ತವೆ. ಅಲ್ಲಿಂದ ಮುಂದೆ ಪುಟ ಚೆಲ್ಲಾಪಿಲ್ಲಿ. ಒಬ್ಬರು ಏಳಕ್ಕೆ ನಿಲ್ಲಿಸುತ್ತಾರೆ, ಇನ್ನೊಬ್ಬರು ಒಂಬತ್ತಕ್ಕೆ. ಹನ್ನೊಂದು ಬಂದವರ ಪಟ್ಟಿಯಲ್ಲಿ ಯಾವುದೋ ಒಂದು ಸಾಲು ಎರಡು ಸಲ ಕೂತಿರುತ್ತದೆ. ಸರಿಯುತ್ತರ ಹತ್ತು, ಅದೂ ಕೆಲವರಿಗೆ ಬಂದಿರುತ್ತದೆ. ಕಾಡುವುದು ಆ ಸರಿಯುತ್ತರವೇ. ಹತ್ತು ಎಂದು ಬರೆದ ಮಗುವನ್ನು ಪಕ್ಕಕ್ಕೆ ಕರೆದು "ಹನ್ನೊಂದನೆಯದು ಇಲ್ಲ ಅಂತ ಹೇಗೆ ಗೊತ್ತು ಪುಟ್ಟಾ?" ಎಂದು ಕೇಳಿದರೆ "ಇನ್ನು ಸಿಗಲಿಲ್ಲ ಮಿಸ್" ಎನ್ನುತ್ತದೆ. ಸಿಗಲಿಲ್ಲ ಎನ್ನುವುದೇ ಬೇರೆ, ಇಲ್ಲ ಎನ್ನುವುದೇ ಬೇರೆ. ಈ ಎರಡರ ನಡುವಿನ ಅಂತರವನ್ನು ದಾಟಿಸುವುದೇ ಎಣಿಕೆಯ ಲೆಕ್ಕದಲ್ಲಿ ನಿಜವಾಗಿ ಕಲಿಸಬೇಕಾದದ್ದು ಎಂಬುದು ನನ್ನ ನಂಬಿಕೆ. ಅದನ್ನು ದಾಟಿಸಲು ಸೂತ್ರ ಬೇಕಾಗಿಲ್ಲ. ಪಟ್ಟಿ ಸಾಕು, ಆದರೆ ಅದಕ್ಕೊಂದು ಕ್ರಮ ಇರಬೇಕು.

ದೊಡ್ಡ ನಾಣ್ಯದಿಂದ ಶುರು

ಅದೇ ಲೆಕ್ಕಕ್ಕೆ ಮೂರು ಕಾಲಂ ಎಳೆಯಿರಿ: ಐದು, ಎರಡು, ಒಂದು. ಈಗ ಐದರ ಕಾಲಂ ಒಂದನ್ನೇ ನೋಡಿ. 10 ರೂಪಾಯಿಯಲ್ಲಿ ಐದರ ನಾಣ್ಯ ಎರಡು ಇರಬಹುದು, ಒಂದು ಇರಬಹುದು, ಇಲ್ಲದೆಯೂ ಇರಬಹುದು. ನಾಲ್ಕನೆಯ ದಾರಿ ಇಲ್ಲ. ಎರಡು ಐದು ತಗೊಂಡರೆ ಅಲ್ಲಿಗೇ ಮುಗಿಯಿತು, ಒಂದು ಬಗೆ. ಒಂದು ಐದು ತಗೊಂಡರೆ 5 ರೂಪಾಯಿ ಉಳಿಯುತ್ತದೆ, ಅದರಲ್ಲಿ ಎರಡರ ನಾಣ್ಯ ಎರಡು, ಒಂದು ಅಥವಾ ಸೊನ್ನೆ: ಮೂರು ಬಗೆ. ಐದು ಇಲ್ಲವೇ ಇಲ್ಲ ಎಂದರೆ ಎರಡರ ನಾಣ್ಯ ಐದರಿಂದ ಸೊನ್ನೆಯವರೆಗೆ ಒಂದೊಂದಾಗಿ ಇಳಿಯುತ್ತದೆ: ಆರು ಬಗೆ. ಪುಟದ ಮೇಲೆ ಹೀಗೆ ಕಾಣುತ್ತದೆ:

2, 0, 0
1, 2, 1
1, 1, 3
1, 0, 5
0, 5, 0
0, 4, 2
0, 3, 4
0, 2, 6
0, 1, 8
0, 0, 10

ಒಂದು, ಮೂರು, ಆರು, ಒಟ್ಟು ಹತ್ತು. ಒಂದು ರೂಪಾಯಿಯ ಕಾಲಂ ಬಗ್ಗೆ ಎಲ್ಲೂ ಯೋಚಿಸಲೇ ಇಲ್ಲ ಎಂಬುದನ್ನು ಗಮನಿಸಿ. ಉಳಿದದ್ದನ್ನು ತುಂಬುವುದು ಅದರ ಕೆಲಸ, ಅದಕ್ಕೆ ಸ್ವಂತ ಆಯ್ಕೆ ಇಲ್ಲ. ಹಾಗಾಗಿ ಮೂರು ನಾಣ್ಯದ ಲೆಕ್ಕ ನಿಜದಲ್ಲಿ ಎರಡು ನಾಣ್ಯದ ಲೆಕ್ಕ. ದೊಡ್ಡ ನಾಣ್ಯವನ್ನೇ ಯಾಕೆ ಮೊದಲು ಹಿಡಿಯಬೇಕು ಎಂಬುದಕ್ಕೂ ಕಾರಣ ಇಲ್ಲೇ ಇದೆ. ಒಂದರ ಕಾಲಂನಿಂದ ಶುರುಮಾಡಿದರೆ ಸೊನ್ನೆಯಿಂದ ಹತ್ತರವರೆಗೆ ಹನ್ನೊಂದು ಕವಲು ತೆಗೆಯಬೇಕು. ಅವುಗಳಲ್ಲಿ ಏಳು ಮತ್ತು ಒಂಬತ್ತರ ಕವಲುಗಳು ಖಾಲಿ, ಯಾಕೆಂದರೆ ಉಳಿಯುವ 3 ರೂಪಾಯಿಯನ್ನಾಗಲಿ 1 ರೂಪಾಯಿಯನ್ನಾಗಲಿ ಎರಡು, ಐದರ ನಾಣ್ಯದಲ್ಲಿ ಕೊಡಲಾಗದು. ಉತ್ತರ ಅದೇ ಬರುತ್ತದೆ, ಆದರೆ ತಪ್ಪಲು ಜಾಗಗಳು ಹೆಚ್ಚು. ಆಯ್ಕೆ ಎಲ್ಲಿ ಕಡಿಮೆಯೋ ಅಲ್ಲಿಂದ ಶುರುಮಾಡುವುದು ಪಟ್ಟಿ ಬರೆಯುವ ಮೊದಲ ಜಾಣ್ಮೆ.

ಖಾಲಿ ಕವಲಿನ ಬಗ್ಗೆ ಇನ್ನೊಂದು ಮಾತು. 1 ರೂಪಾಯಿ ನಾಣ್ಯ ತೆಗೆದುಹಾಕಿ, ಬರೀ 2 ಮತ್ತು 5ರಲ್ಲಿ 10 ರೂಪಾಯಿ ಕೊಡಿ ಎಂದರೆ, ಒಂದು ಐದು ತಗೊಂಡಾಗ ಉಳಿಯುವ 5 ರೂಪಾಯಿಯನ್ನು ಎರಡರಲ್ಲಿ ಕೊಡಲಾಗದು. ಮಕ್ಕಳು ಈ ಸಾಲನ್ನು ಬರೆಯದೇ ಬಿಡುತ್ತಾರೆ. ಬಿಡಬಾರದು. "1 ಐದು: ಆಗದು" ಎಂದು ಬರೆದು ಅಡ್ಡಗೆರೆ ಎಳೆಯಬೇಕು. ಯೋಚಿಸಿ ಕೈಬಿಟ್ಟದ್ದು ಯಾವುದು, ಯೋಚಿಸದೇ ಹೋದದ್ದು ಯಾವುದು ಎಂದು ಆಮೇಲೆ ತಿಳಿಯುವುದು ಆ ಗೆರೆಯಿಂದಲೇ.

ತಿರುಗಿಸಿ ಬರೆಯುವ ಅಭ್ಯಾಸ

0, 2, 5, 7 ಈ ಅಂಕಿಗಳನ್ನು ಬಳಸಿ, ಒಂದನ್ನು ಒಮ್ಮೆ ಮಾತ್ರ ಬಳಸಿ, ಎಷ್ಟು ಮೂರಂಕಿಯ ಸಂಖ್ಯೆ ಬರೆಯಬಹುದು? ಇಲ್ಲಿ ಮಕ್ಕಳು ಬಿದ್ದುಹೋಗುವುದು ಒಂದು ಗುಂಡಿಯಲ್ಲಿ, ಅದೂ ಬುದ್ಧಿವಂತ ಮಕ್ಕಳೇ. 257 ಬರೆಯುತ್ತಾರೆ, ತಕ್ಷಣ ತಿರುಗಿಸಿ 752. 275 ಬರೆದು 572. 205 ಬರೆದು 502. ಜೋಡಿ ಜೋಡಿಯಾಗಿ ಬರುವುದರಿಂದ ಕ್ರಮ ಇದೆ ಎಂದು ಅವರಿಗೂ ಅನ್ನಿಸುತ್ತದೆ, ನೋಡುವವರಿಗೂ ಅನ್ನಿಸುತ್ತದೆ. ಕ್ರಮ ಇರುವುದು ಜೋಡಿಯೊಳಗೆ ಮಾತ್ರ. ಒಂದು ಜೋಡಿ ಆದಮೇಲೆ ಮುಂದಿನದು ಯಾವುದು ಎಂದು ಹೇಳುವ ನಿಯಮವೇ ಇಲ್ಲ, ಅದನ್ನು ಪ್ರತಿ ಸಲ ಹುಡುಕಬೇಕು. ನಾಲ್ಕೈದು ಜೋಡಿಯ ಹೊತ್ತಿಗೆ ಯಾವುದು ಬಂತು ಯಾವುದು ಬರಲಿಲ್ಲ ಎಂದು ಇಡೀ ಪುಟ ಓದಬೇಕಾಗುತ್ತದೆ. ಮೇಲಾಗಿ 250ನ್ನು ತಿರುಗಿಸಿದರೆ 052, ಅದು ಮೂರಂಕಿಯ ಸಂಖ್ಯೆಯೇ ಅಲ್ಲ. ಜೋಡಿ ಮುರಿದ ಆ ಜಾಗದಲ್ಲಿ ಕೆಲವರು 250ನ್ನೂ ಹೊಡೆದುಹಾಕಿಬಿಡುತ್ತಾರೆ.

ಸರಿಯಾದ ಕ್ರಮ ನಿಘಂಟಿನದು, ಅಂದರೆ ಏರಿಕೆಯ ಕ್ರಮ. ಮುಂದಿನ ಅಂಕಿಗಳು ಕದಲದೆ ನಿಂತಿರುವಾಗ ಕೊನೆಯ ಅಂಕಿ ಮೊದಲು ಬದಲಾಗಬೇಕು, ಬಸ್ಸಿನ ಕಿಲೋಮೀಟರ್ ಮೀಟರ್ ಓಡುವ ಹಾಗೆ.

205, 207, 250, 257, 270, 275
502, 507, 520, 527, 570, 572
702, 705, 720, 725, 750, 752

ಸಾಲಿಗೆ ಆರು, ಮೂರು ಸಾಲು, 18. ಸೊನ್ನೆಯಿಂದ ಶುರುವಾಗುವ ಸಾಲು ಇಲ್ಲ. ಹೀಗೆ ಬರೆದಾಗ ಆಗುವ ದೊಡ್ಡ ಲಾಭವೆಂದರೆ ಬಿಟ್ಟುಹೋದದ್ದು ತಾನೇ ಕಾಣುತ್ತದೆ. ನಡುವಿನ ಸಾಲಿನಲ್ಲಿ ಐದೇ ಇದ್ದರೆ ಮೇಲಿನ ಸಾಲಿನ ಪಕ್ಕ ಅದು ಗಿಡ್ಡವಾಗಿ ಕಾಣುತ್ತದೆ. ಇದಕ್ಕಾಗಿಯೇ ಒಂದೊಂದು ಕವಲನ್ನೂ ಹೊಸ ಸಾಲಿನಿಂದ ಶುರುಮಾಡಿಸಬೇಕು. ಜಾಗ ಉಳಿಸಲೆಂದು ಅಲ್ಪವಿರಾಮ ಹಾಕುತ್ತಾ ಒಂದೇ ಸಮನೆ ಬರೆದುಕೊಂಡು ಹೋದರೆ ಕ್ರಮ ಇದ್ದೂ ಉಪಯೋಗಕ್ಕೆ ಬರುವುದಿಲ್ಲ. ಚೌಕಳಿ ಹಾಳೆ ಇದ್ದರೆ ಇನ್ನೂ ಒಳ್ಳೆಯದು.

ಎಲ್ಲ ಪಟ್ಟಿಗಳ ಸಾಲುಗಳೂ ಸಮವಾಗಿ ಬರುವುದಿಲ್ಲ, ಅದನ್ನೂ ಬೇಗ ತೋರಿಸಿಬಿಡಬೇಕು. ಅಂಕಿಗಳ ಮೊತ್ತ 5 ಆಗುವ ಮೂರಂಕಿಯ ಸಂಖ್ಯೆಗಳು ಎಷ್ಟು? ನೂರರ ಸ್ಥಾನ 5 ಇದ್ದರೆ 500 ಒಂದೇ. 4 ಇದ್ದರೆ 410, 401. 3 ಇದ್ದರೆ 320, 311, 302. 2 ಇದ್ದರೆ 230, 221, 212, 203. 1 ಇದ್ದರೆ 140, 131, 122, 113, 104. ಪುಟದ ಮೇಲೆ ಒಂದು ತ್ರಿಕೋನ ಬಿಡಿಸಿದ ಹಾಗೆ ಆಗುತ್ತದೆ: 1+2+3+4+5, ಒಟ್ಟು 15. ಮೊತ್ತ 6 ಆದರೆ ಎಷ್ಟು ಎಂದು ಕೇಳಿದರೆ ಹೆಚ್ಚಿನ ಮಕ್ಕಳು ಬರೆಯದೆಯೇ 21 ಎನ್ನುತ್ತಾರೆ. ಸೂತ್ರ ಹುಟ್ಟುವುದು ಹೀಗೆ, ಪಟ್ಟಿಯ ಆಕಾರದಿಂದ.

ಹಿಂದೆ ನೋಡಬಾರದು

ಐದು ಜನರಲ್ಲಿ ಇಬ್ಬರನ್ನು ಆರಿಸಿ ಎಂಬ ಬಗೆಯ ಲೆಕ್ಕದಲ್ಲಿ ತಪ್ಪು ಇನ್ನೊಂದು ಕಡೆಯಿಂದ ಬರುತ್ತದೆ. ಐವರಿಗೆ ಕ, ಚ, ಟ, ತ, ಪ ಎಂದು ಹೆಸರಿಡೋಣ. ಕಚ, ಕಟ, ಕತ, ಕಪ ಎಂದು ನಾಲ್ಕು ಬರೆದ ಮಗು ಮುಂದಿನ ಸಾಲಿನಲ್ಲೂ ನಾಲ್ಕು ಬೇಕು ಎಂದುಕೊಂಡು ಚಕ, ಚಟ, ಚತ, ಚಪ ಎಂದು ಬರೆಯುತ್ತದೆ. ಕೊನೆಗೆ 20 ಆಗುತ್ತದೆ, ಪ್ರತಿ ಜೋಡಿಯೂ ಎರಡೆರಡು ಸಲ. ಇಲ್ಲಿ ಕೊಡಬೇಕಾದ ನಿಯಮ ಒಂದೇ: ವರ್ಣಮಾಲೆಯಲ್ಲಿ ಮುಂದಕ್ಕೆ ಮಾತ್ರ ಹೋಗು, ಹಿಂದೆ ನೋಡಬೇಡ. ಚ ಸಾಲಿನಲ್ಲಿ ಚಟ, ಚತ, ಚಪ. ಟ ಸಾಲಿನಲ್ಲಿ ಟತ, ಟಪ. ತ ಸಾಲಿನಲ್ಲಿ ತಪ. ಪ ಸಾಲಿನಲ್ಲಿ ಏನೂ ಇಲ್ಲ. 4+3+2+1, ಹತ್ತು. ಸಾಲುಗಳು ಗಿಡ್ಡವಾಗುತ್ತಾ ಹೋದಾಗ ಮಕ್ಕಳು ಗಾಬರಿಯಾಗುತ್ತಾರೆ, ಏನೋ ಬಿಟ್ಟುಹೋಗಿದೆ ಎಂದು. ಚ ಸಾಲಿನಲ್ಲಿ ಇಲ್ಲದ ಕ ಎಲ್ಲಿದ್ದಾನೆ ಎಂದು ಕೇಳಿ. ಮೇಲಿನ ಸಾಲಿನ ಕಚ ಮೇಲೆ ಬೆರಳಿಟ್ಟು ತೋರಿಸಿದ ಮಗುವಿಗೆ ವಿಷಯ ಅರ್ಥವಾಗಿದೆ.

ನಾಯಕ ಮತ್ತು ಉಪನಾಯಕ ಎಂದು ಕೇಳಿದ್ದರೆ 20 ಸರಿ. ಕಚ ಬೇರೆ, ಚಕ ಬೇರೆ. ಎರಡು ಬಗೆಯನ್ನು ಒಂದೆಂದು ಎಣಿಸಬೇಕೋ ಎರಡೆಂದೋ ಎಂಬ ತೀರ್ಮಾನ ಪೆನ್ಸಿಲ್ ಹಾಳೆಗೆ ತಾಗುವ ಮುನ್ನ ಆಗಬೇಕು. ಸುತ್ತಳತೆ 20 ಸೆಂ.ಮೀ. ಇರುವ, ಬಾಹುಗಳು ಪೂರ್ಣಸಂಖ್ಯೆಯಾಗಿರುವ ಆಯತಗಳು ಎಷ್ಟು? 9×1, 8×2, 7×3, 6×4, 5×5. ಅಲ್ಲಿಗೆ ನಿಲ್ಲಬೇಕು, 4×6 ಎಂದರೆ 6×4ನ್ನೇ ಎತ್ತಿ ನಿಲ್ಲಿಸಿದ್ದು. ಉದ್ದ ಅಗಲಕ್ಕಿಂತ ಕಡಿಮೆಯಾಗಬಾರದು ಎಂದು ಮೊದಲೇ ಬರೆದುಕೊಂಡರೆ ಎಲ್ಲಿ ನಿಲ್ಲಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ಅದೇ 3×3 ಮನೆಗಳ ಚೌಕಳಿಯಲ್ಲಿ ಎಷ್ಟು ಆಯತಗಳಿವೆ ಎಂದು ಕೇಳಿದಾಗ ಮಲಗಿದ 2×1 ಬೇರೆ, ನಿಂತ 1×2 ಬೇರೆ, ಎರಡನ್ನೂ ಎಣಿಸಲೇಬೇಕು. ಅಳತೆವಾರು ಬರೆದರೆ 1×1 ಒಂಬತ್ತು, 2×1 ಮತ್ತು 1×2 ತಲಾ ಆರು, 3×1 ಮತ್ತು 1×3 ತಲಾ ಮೂರು, 2×2 ನಾಲ್ಕು, 3×2 ಮತ್ತು 2×3 ತಲಾ ಎರಡು, 3×3 ಒಂದು, ಒಟ್ಟು 36. ಕಣ್ಣಳತೆಯಲ್ಲಿ ಎಣಿಸಿ 36 ತಲುಪಿದವರು ಅಪರೂಪ.

ಮೂವರನ್ನು ಆರಿಸುವುದಕ್ಕೂ ನಿಯಮ ಅದೇ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಆರು ರುಚಿಗಳನ್ನು ಬೆರೆಸುವ ಲೆಕ್ಕ ಕೊಡುತ್ತಾನೆ: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ. ಇವುಗಳಲ್ಲಿ ಮೂರನ್ನು ಬೆರೆಸುವ ಬಗೆಗಳನ್ನು ಬರೆಯೋಣ. ಒಗರು ಇರುವವು: ಉಳಿದ ಐದರಲ್ಲಿ ಎರಡು, ಮೇಲೆ ಈಗಷ್ಟೇ ಎಣಿಸಿದ ಹತ್ತು. ಒಗರು ಇಲ್ಲದೆ ಕಹಿ ಇರುವವು ಆರು. ಎರಡೂ ಇಲ್ಲದೆ ಹುಳಿ ಇರುವವು ಮೂರು. ಕೊನೆಗೆ ಖಾರ, ಉಪ್ಪು, ಸಿಹಿ ಒಂದು. ಒಟ್ಟು 20. ನಾಲ್ಕು ರುಚಿಗಳ ಪಟ್ಟಿಯನ್ನು ಬೇರೆಯಾಗಿ ಬರೆಯಬೇಕಾಗಿಯೇ ಇಲ್ಲ, ಬಿಡುವ ಎರಡನ್ನು ಬರೆದರಾಯಿತು, 15. ಒಂದೊಂದೇ ರುಚಿಯಿಂದ ಆರೂ ಸೇರಿದ್ದರವರೆಗೆ 6, 15, 20, 15, 6, 1, ಕೂಡಿದರೆ 63. ಮಹಾವೀರ ಇದಕ್ಕೆ ಸಾಮಾನ್ಯ ನಿಯಮವನ್ನೇ ಹೇಳಿದ್ದಾನೆ, ಮೂರು ರುಚಿಗೆ 6×5×4ನ್ನು 1×2×3ರಿಂದ ಭಾಗಿಸುವ, ನಾವು ಮುಂದೆ ವಿಕಲ್ಪ ಎಂದು ಕಲಿಯುವ ಅದೇ ನಿಯಮ. ಆದರೆ 10+6+3+1 ಎಂದು ಪಟ್ಟಿಯಲ್ಲಿ ಕಂಡವರಿಗೆ ಆ ಭಾಗಾಕಾರ ಯಾಕೆ ಎಂಬ ಪ್ರಶ್ನೆಯಾದರೂ ಏಳುತ್ತದೆ. ನೇರ ಸೂತ್ರ ಕೊಟ್ಟವರಿಗೆ ಪ್ರಶ್ನೆಯೂ ಏಳುವುದಿಲ್ಲ.

ಮ ಯ ರ ಸ ತ ಜ ಭ ನ

ಪಟ್ಟಿ ಮಾಡುವುದು ಸೂತ್ರ ಗೊತ್ತಿಲ್ಲದವರ ಕೆಲಸ ಎಂಬ ಭಾವನೆ ಮೇಷ್ಟ್ರುಗಳಲ್ಲೂ ಇದೆ, ಪೋಷಕರಲ್ಲೂ ಇದೆ. ನಮ್ಮ ಛಂದಸ್ಸಿನವರು ಹಾಗೆ ಎಣಿಸಿರಲಿಲ್ಲ. ಪಿಂಗಳನ ಛಂದಃಶಾಸ್ತ್ರದ ಕಾಲದಿಂದ ಅವರಿಗೆ ಪ್ರಸ್ತಾರ, ಅಂದರೆ ಗುರು ಲಘುಗಳ ಎಲ್ಲ ಬಗೆಗಳನ್ನೂ ಹರಡಿ ಬರೆಯುವುದು, ಒಂದು ಶಾಸ್ತ್ರವೇ ಆಗಿತ್ತು. ಮೂರು ಅಕ್ಷರಕ್ಕೆ ಅದು ಹೀಗಿದೆ:

ಗು ಗು ಗು: ಮ
ಲ ಗು ಗು: ಯ
ಗು ಲ ಗು: ರ
ಲ ಲ ಗು: ಸ
ಗು ಗು ಲ: ತ
ಲ ಗು ಲ: ಜ
ಗು ಲ ಲ: ಭ
ಲ ಲ ಲ: ನ

ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಅದೇ ಎಂಟು ಗಣಗಳು. ಯಮಾತಾರಾಜಭಾನಸಲಗಂ ನೆನಪಿಗೆ ಒಳ್ಳೆಯದು, ಆದರೆ ಗಣಗಳು ಎಂಟೇ ಯಾಕೆ ಎಂದು ಅದು ಹೇಳುವುದಿಲ್ಲ. ಮಯರಸತಜಭನ ಎಂಬ ಸಾಲು ಹೇಳುತ್ತದೆ. ಪ್ರಸ್ತಾರದ ನಿಯಮ ಇಷ್ಟೇ: ಮೊದಲ ಸಾಲು ಪೂರ್ತಿ ಗುರು. ಮುಂದಿನ ಸಾಲಿಗೆ, ಎಡದಿಂದ ಮೊದಲು ಸಿಗುವ ಗುರುವಿನ ಕೆಳಗೆ ಲಘು ಹಾಕು, ಅದರ ಬಲಕ್ಕೆ ಇರುವುದನ್ನು ಇದ್ದ ಹಾಗೇ ಇಳಿಸು, ಎಡಕ್ಕೆ ಜಾಗ ಉಳಿದಿದ್ದರೆ ಗುರು ತುಂಬು. ಎಲ್ಲ ಲಘು ಆದಾಗ ನಿಲ್ಲಿಸು. ಸ ಗಣದಿಂದ ತ ಗಣಕ್ಕೆ ಹೋಗುವಾಗ ಪರೀಕ್ಷಿಸಿ ನೋಡಿ: ಲ ಲ ಗುವಿನಲ್ಲಿ ಮೊದಲ ಗುರು ಮೂರನೆಯದು, ಅದು ಲಘುವಾಗುತ್ತದೆ, ಎಡದ ಎರಡೂ ಗುರುವಾಗುತ್ತವೆ. ಇಲ್ಲಿ ನೆನಪಿಟ್ಟುಕೊಳ್ಳಬೇಕಾದದ್ದು ಏನೂ ಇಲ್ಲ. ಮೇಲಿನ ಸಾಲು ಒಂದಿದ್ದರೆ ಕೆಳಗಿನ ಸಾಲು ಹುಟ್ಟುತ್ತದೆ. ಶುರು ಎಲ್ಲಿ, ಮುಂದಿನದು ಯಾವುದು, ಕೊನೆ ಎಲ್ಲಿ ಎಂಬ ಮೂರಕ್ಕೂ ಉತ್ತರ ಇರುವ ಪಟ್ಟಿಯನ್ನು ಮಾತ್ರ ಪೂರ್ತಿ ಪಟ್ಟಿ ಎನ್ನಬಹುದು. ನಾಣ್ಯದ ಲೆಕ್ಕಕ್ಕೂ ಕೇಳಬೇಕಾದವು ಇವೇ ಮೂರು ಪ್ರಶ್ನೆ.

ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಅಳಿಸಿಹೋದ ಸಾಲನ್ನು ಪಟ್ಟಿ ಬರೆಯದೆ ಹುಡುಕುವುದಕ್ಕೆ ನಷ್ಟ ಎಂಬ ವಿಧಾನ ಇದೆ. ಆರನೆಯ ಸಾಲು ಬೇಕೇ? 6 ಸರಿಸಂಖ್ಯೆ, ಲಘು ಬರೆದು ಅರ್ಧ ಮಾಡು: 3. ಬೆಸ, ಗುರು ಬರೆದು ಒಂದು ಕೂಡಿಸಿ ಅರ್ಧ ಮಾಡು: 2. ಸರಿ, ಲಘು. ಲ ಗು ಲ, ಜ ಗಣ. ಇದರ ತಿರುವುಮುರುವು ಉದ್ದಿಷ್ಟ, ಸಾಲು ಕೊಟ್ಟರೆ ಅದು ಎಷ್ಟನೆಯದು ಎಂದು ಹೇಳುವುದು. ಇನ್ನೂ ಚೆಂದದ್ದು ಅಧ್ವಯೋಗ: ಪಟ್ಟಿ ಬರೆಯಲು ಎಷ್ಟು ಜಾಗ ಬೇಕು ಎಂಬ ಲೆಕ್ಕ. ಸಾಲಿಗೊಂದು ಅಂಗುಲ, ನಡುವೆ ಒಂದು ಅಂಗುಲ ತೆರಪು ಎಂದರೆ ಸಾಲುಗಳ ಎರಡರಷ್ಟರಲ್ಲಿ ಒಂದು ಕಳೆದಷ್ಟು. ಎಂಟು ಸಾಲಿಗೆ 15 ಅಂಗುಲ, ಹತ್ತು ಅಕ್ಷರದ 1024 ಸಾಲಿಗೆ 2047 ಅಂಗುಲ. ಬರೆಯಲು ಕೂರುವ ಮುನ್ನ ಪಟ್ಟಿಯ ಉದ್ದವನ್ನು ಅಂದಾಜಿಸುವ ಈ ಅಭ್ಯಾಸವನ್ನು ಇಂದಿನ ತರಗತಿಗೂ ಹಾಗೆಯೇ ತರಬಹುದು.

ಮಾತ್ರೆಗಳ ಪಟ್ಟಿ ಇನ್ನೂ ರುಚಿಯಾದದ್ದು. ಗುರುವಿಗೆ ಎರಡು, ಲಘುವಿಗೆ ಒಂದು. ಮೂರು ಮಾತ್ರೆಯ ಗಣ ಗುಲ, ಲಗು, ಲಲಲ ಎಂದು ಮೂರು. ನಾಲ್ಕು ಮಾತ್ರೆಯದು ಗುಗು, ಗುಲಲ, ಲಗುಲ, ಲಲಗು, ಲಲಲಲ ಎಂದು ಐದು. ಭಾಮಿನಿ ಷಟ್ಪದಿಯ 3, 4 ಮಾತ್ರೆಯ ಗಣಗಳು ಬರುವುದು ಈ ಪಟ್ಟಿಗಳಿಂದಲೇ, ಲಗು ಎಂದು ಶುರುವಾಗುವ ರೂಪಗಳನ್ನು ಮಾತ್ರ ಅಲ್ಲಿ ಬಿಡುತ್ತಾರೆ. ಐದು ಮಾತ್ರೆಯ ಪಟ್ಟಿಯನ್ನು ಹೊಸದಾಗಿ ಯೋಚಿಸಬೇಕಾಗಿಲ್ಲ. ಗುರುವಿನಿಂದ ಶುರುವಾದರೆ ಮೂರು ಮಾತ್ರೆಯ ಪಟ್ಟಿಯನ್ನು ಬಾಲಕ್ಕೆ ಅಂಟಿಸು, ಲಘುವಿನಿಂದ ಶುರುವಾದರೆ ನಾಲ್ಕರದ್ದನ್ನು. 3+5, ಎಂಟು. ಆರು ಮಾತ್ರೆಗೆ 5+8, ಹದಿಮೂರು. ಒಂದು ಅಥವಾ ಎರಡು ಮೆಟ್ಟಿಲು ಹಾರುತ್ತಾ ಆರು ಮೆಟ್ಟಿಲು ಹತ್ತುವ ಲೆಕ್ಕ ಗಣಿತದ ವರ್ಕ್‌ಬುಕ್ಕಿನಲ್ಲಿ ಬಂದರೆ ಅದೂ ಹದಿಮೂರೇ. 1, 2, 3, 5, 8, 13 ಎಂಬ ಈ ಸಂಖ್ಯೆಗಳನ್ನು ಇಂದು ಇಟಲಿಯ ಗಣಿತಜ್ಞ ಫಿಬೊನಾಚಿಯ ಹೆಸರಿನಿಂದ ಕರೆಯುತ್ತಾರೆ, ಅವನ ಪುಸ್ತಕ 1202ರದ್ದು. ಅದಕ್ಕೂ ಮುಂಚೆಯೇ ವಿರಹಾಂಕ, ಹೇಮಚಂದ್ರರಂಥ ಛಂದಸ್ಸಿನವರು ಈ ಸಂಖ್ಯೆಗಳನ್ನು ಮಾತ್ರಾಪ್ರಸ್ತಾರದಲ್ಲಿ ಕಂಡಿದ್ದರು.

ನಾಲ್ಕು ಕವಡೆ

ಚೌಕಾಬಾರದಲ್ಲಿ ನಾಲ್ಕು ಕವಡೆ ಎಸೆದಾಗ ಎಷ್ಟು ಬಗೆಯಲ್ಲಿ ಬೀಳಬಹುದು ಎಂದರೆ ಮಕ್ಕಳು ಐದು ಎನ್ನುತ್ತಾರೆ: ಒಂದು, ಎರಡು, ಮೂರು, ಚೌಕ (ನಾಲ್ಕೂ ಅಂಗಾತ), ಬಾರ (ನಾಲ್ಕೂ ಬೋರಲು). ಆಟಕ್ಕೆ ಅದು ಸರಿ, ಕವಡೆಗಳು ಒಂದರಂತೆ ಇನ್ನೊಂದು ಇವೆ. ನಾಲ್ಕು ಕವಡೆಗೂ ಬೇರೆ ಬೇರೆ ಬಣ್ಣ ಹಚ್ಚಿ ಕೇಳಿದರೆ ಮೇಲಿನ ಪ್ರಸ್ತಾರವೇ ಇನ್ನೊಂದು ಅಕ್ಷರಕ್ಕೆ ಬೆಳೆದು 16 ಸಾಲಾಗುತ್ತದೆ. ಆ 16ನ್ನು ಅಂಗಾತ ಬಿದ್ದವು ಎಷ್ಟು ಎಂದು ವಿಂಗಡಿಸಿದರೆ 1, 4, 6, 4, 1. ಎರಡು ಅಂಗಾತ ಬೀಳುವುದಕ್ಕೆ ಆರು ದಾರಿ, ಚೌಕಕ್ಕೆ ಒಂದೇ ದಾರಿ. ಐದು ಮತ್ತು ಹದಿನಾರು, ಎರಡೂ ಸರಿ. ಏನನ್ನು ಬೇರೆ ಎಂದು ಲೆಕ್ಕ ಹಿಡಿದಿರಿ ಎಂಬುದಷ್ಟೇ ವ್ಯತ್ಯಾಸ. ಒಂದು ಎಚ್ಚರಿಕೆ: ಕವಡೆಯ ಎರಡು ಮಗ್ಗುಲು ಒಂದೇ ಆಕಾರದ್ದಲ್ಲ, ಹಾಗಾಗಿ 16 ಸಾಲುಗಳೂ ಸಮಾನ ಸಾಧ್ಯತೆಯವು ಎಂದುಕೊಂಡು ಚೌಕ ಹದಿನಾರಕ್ಕೊಮ್ಮೆ ಬೀಳುತ್ತದೆ ಎನ್ನಬಾರದು. ಬಗೆ ಎಷ್ಟು ಎಂದು ಪಟ್ಟಿ ಹೇಳುತ್ತದೆ, ಯಾವ ಬಗೆ ಎಷ್ಟು ಸಲ ಬಿದ್ದೀತು ಎಂದು ಹೇಳುವುದಿಲ್ಲ.

ಗುಣಿಸುವುದೋ ಕೂಡುವುದೋ

ಸ್ವಲ್ಪ ದೊಡ್ಡ ಮಕ್ಕಳಿಗೆ ಗುಣಾಕಾರದ ನಿಯಮ ಸಿಕ್ಕಿದ ಕೂಡಲೇ ಎಲ್ಲವನ್ನೂ ಗುಣಿಸತೊಡಗುತ್ತಾರೆ. ಮೇಲಿನ 0, 2, 5, 7ರ ಲೆಕ್ಕದಲ್ಲೇ, ಸರಿಸಂಖ್ಯೆಗಳು ಮಾತ್ರ ಎಷ್ಟು ಎಂದು ಕೇಳಿ. ಬಿಡಿಸ್ಥಾನಕ್ಕೆ 0 ಅಥವಾ 2, ಎರಡು ಆಯ್ಕೆ. ನೂರರ ಸ್ಥಾನಕ್ಕೆ ಉಳಿದ ಮೂರು. ಹತ್ತರ ಸ್ಥಾನಕ್ಕೆ ಎರಡು. ಗುಣಿಸಿದರೆ 12 ಎಂಬ ಉತ್ತರ ಬರುತ್ತದೆ. ಸೊನ್ನೆ ಮುಂದೆ ಬರಬಾರದು ಎಂದು ನೆನಪಾದವರು 2×2×2 ಎಂದು 8 ಬರೆಯುತ್ತಾರೆ. ಪಟ್ಟಿಯಲ್ಲಿ ಸರಿಸಂಖ್ಯೆಗಳಿಗೆ ಸುತ್ತು ಹಾಕಿ ನೋಡಿ: 250, 270, ಎರಡನೆಯ ಸಾಲಿನಲ್ಲಿ 502, 520, 570, 572, ಮೂರನೆಯದರಲ್ಲಿ 702, 720, 750, 752. ಎರಡು, ನಾಲ್ಕು, ನಾಲ್ಕು, ಉತ್ತರ 10. ಸೊನ್ನೆಯಲ್ಲಿ ಮುಗಿದರೆ ನೂರರ ಸ್ಥಾನಕ್ಕೆ ಮೂರು ಆಯ್ಕೆ, ಎರಡರಲ್ಲಿ ಮುಗಿದರೆ ಎರಡೇ ಆಯ್ಕೆ. ಕವಲುಗಳು ಸಮನಾಗಿಲ್ಲ, ಹಾಗಾಗಿ ಇಲ್ಲಿ 6+4 ಎಂದು ಕೂಡಬೇಕು. ಸಾಲುಗಳು ಸಮ ಇದ್ದರೆ ಗುಣಿಸು, ಏರುಪೇರು ಇದ್ದರೆ ಕೂಡು. ಪೂರ್ತಿ ಬರೆಯುವ ವ್ಯವಧಾನ ಇಲ್ಲದಿದ್ದರೂ ಎರಡು ಕವಲು ಬರೆದು ಹೋಲಿಸಿ, ಅವು ಸಮ ಇಲ್ಲದಿದ್ದರೆ ಗುಣಿಸಬಾರದು ಎಂದು ತಿಳಿಯುತ್ತದೆ.

ಪಟ್ಟಿಯನ್ನು ಎಲ್ಲಿ ನಿಲ್ಲಿಸಬಹುದು ಎಂಬುದೂ ಇದಕ್ಕೆ ಸೇರಿದ ಮಾತೇ. ನಾಣ್ಯದ ಲೆಕ್ಕಕ್ಕೆ 10 ರೂಪಾಯಿ ನಾಣ್ಯವನ್ನೂ ಸೇರಿಸಿ 20 ರೂಪಾಯಿ ಕೊಡಿ ಎನ್ನೋಣ. ಎರಡು ಹತ್ತು: 1 ಬಗೆ. ಒಂದು ಹತ್ತು: ಉಳಿದ 10 ರೂಪಾಯಿಯ ಪಟ್ಟಿ ಆಗಲೇ ಬರೆದಾಗಿದೆ, 10 ಬಗೆ. ಹತ್ತು ಇಲ್ಲದಿದ್ದರೆ ಐದರ ನಾಣ್ಯ ನಾಲ್ಕರಿಂದ ಸೊನ್ನೆಯವರೆಗೆ ಇಳಿಯುತ್ತದೆ, ಉಳಿಯುವ ಹಣ 0, 5, 10, 15, 20, ಅದರಲ್ಲಿ ಎರಡರ ನಾಣ್ಯ ಎಷ್ಟು ಹಿಡಿಯುತ್ತದೋ ಅದಕ್ಕೆ ಒಂದು ಸೇರಿಸಿದರೆ 1, 3, 6, 8, 11, ಒಟ್ಟು 29. ಎಲ್ಲ ಸೇರಿ 40. ಪೂರ್ತಿ 40 ಸಾಲು ಬರೆಯದೆ ಏಳು ಸಾಲಿನ ಲೆಕ್ಕದಲ್ಲಿ ಮುಗಿಯಿತು. ಯಾರಾದರೂ 39 ಎಂದು ಬರೆದು ತಂದರೆ ಇಡೀ ಲೆಕ್ಕಕ್ಕೆ ಕೆಂಪು ಗೆರೆ ಎಳೆಯಬೇಡಿ. ಈ ಏಳು ಸಂಖ್ಯೆಗಳನ್ನು ಕೇಳಿ. 11ರ ಜಾಗದಲ್ಲಿ 10 ಇದ್ದರೆ ಎರಡರ ನಾಣ್ಯ ಒಂದೂ ಇಲ್ಲದ ಬಗೆಯನ್ನು, ಅಂದರೆ 1 ರೂಪಾಯಿಯ 20 ನಾಣ್ಯಗಳನ್ನು, ಮಗು ಮರೆತಿದೆ ಎಂದರ್ಥ. ಸೊನ್ನೆಯನ್ನು ಒಂದು ಆಯ್ಕೆಯೆಂದು ಎಣಿಸದ ಈ ತಪ್ಪು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವಂಥದ್ದು, ಆ ಒಂದು ಸಾಲಿನ ಎದುರು ಸೊನ್ನೆ ಬರೆಸಿದರೆ ಸಾಕು.